ಮೊದಲು ವರದಿ ತೋರಿಸಿ, ಆಮೇಲೆ ಆಕ್ಷೇಪಣೆ ಕೇಳಿ

ಮಾನ್ಯ ಸಂಪಾದಕರೇ,

ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೂ ಓದುವ ಚಟ ನನಗೆ. ಟೆಂಡರ್ ಪ್ರಕಟಣೆ, ಕಳೆದುಹೋದ ಅಂಕಪಟ್ಟಿ, ಹೆಸರು ಬದಲಾವಣೆಯ ಅಫಿಡವಿಟ್ಟು, ಯಾವುದನ್ನೂ ಬಿಡುವುದಿಲ್ಲ. ಮನೆಯಲ್ಲಿ ನಗುತ್ತಾರೆ. ಆದರೆ ಸರ್ಕಾರ ನಮ್ಮ ನಿಮ್ಮಂಥವರ ಅಭಿಪ್ರಾಯ ಕೇಳುವುದು ಹೆಚ್ಚಾಗಿ ಈ ಪುಟದಲ್ಲೇ. ಅದೂ ಇರುವೆ ಸಾಲಿನಂಥ ಅಕ್ಷರದಲ್ಲಿ. "ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ" ಅಂತ ಶುರುವಾದ ವಾಕ್ಯ ಹತ್ತು ಸಾಲು ದಾಟಿದರೂ ಮುಗಿದಿರುವುದಿಲ್ಲ. ಮಧ್ಯದಲ್ಲಿ ಸರ್ವೆ ನಂಬರು, ಆದೇಶದ ನಂಬರು, ಕಡತದ ನಂಬರು. ಕೊನೆಯಲ್ಲಿ ಮಾತ್ರ ಎಲ್ಲರಿಗೂ ಅರ್ಥವಾಗುವ ಒಂದು ಮಾತು ಬರುತ್ತದೆ: ಇಷ್ಟು ದಿನದೊಳಗೆ ಆಕ್ಷೇಪಣೆ ಬಾರದಿದ್ದರೆ ಯಾರದೂ ಆಕ್ಷೇಪಣೆ ಇಲ್ಲವೆಂದು ಪರಿಗಣಿಸಲಾಗುವುದು.

ಅಂದರೆ ನೀವು ಆ ಪುಟ ಓದದೆ ಮಡಚಿಟ್ಟರೆ ಒಪ್ಪಿಗೆ ಕೊಟ್ಟ ಹಾಗೆ. ಪೇಪರೇ ತರಿಸದಿದ್ದರೂ ಒಪ್ಪಿಗೆ ಕೊಟ್ಟ ಹಾಗೆ.

ಇದನ್ನು ಬರೆಯುವುದಕ್ಕೆ ಕಾರಣ ನಮ್ಮೂರಿನ ಎರಡು ಕಟ್ಟಡ. ಮೈಸೂರಿನ ದೇವರಾಜ ಮಾರುಕಟ್ಟೆ ಮತ್ತು ಲ್ಯಾನ್ಸ್‌ಡೌನ್ ಕಟ್ಟಡ. ಮೈಸೂರಿನವರಿಗೆ ಇವುಗಳ ಬಗ್ಗೆ ಹೇಳಬೇಕಾಗಿಲ್ಲ, ಹೊರಗಿನವರಿಗಾಗಿ ಸ್ವಲ್ಪ ಹೇಳುತ್ತೇನೆ. ಸಯ್ಯಾಜಿರಾವ್ ರಸ್ತೆಯಲ್ಲಿ ಚಿಕ್ಕ ಗಡಿಯಾರದ ಕಡೆಯಿಂದ ಧನ್ವಂತರಿ ರಸ್ತೆಯವರೆಗೆ ಉದ್ದಕ್ಕೆ ಚಾಚಿಕೊಂಡಿರುವುದು ಮಾರುಕಟ್ಟೆ. ಒಳಗೆ ಹೂವಿನ ಸಾಲು, ಬಾಳೆಹಣ್ಣಿನ ಸಾಲು, ಗೋಪುರದ ಹಾಗೆ ಪೇರಿಸಿಟ್ಟ ಕುಂಕುಮ, ವೀಳ್ಯದೆಲೆ, ಊದುಬತ್ತಿ. ನಮ್ಮ ಕಡೆಯಿಂದ ಜಿಐ ಟ್ಯಾಗ್, ಅಂದರೆ ಇದು ಇದೇ ಸೀಮೆಯದ್ದು ಅನ್ನುವ ಅಧಿಕೃತ ಗುರುತು, ಸಿಕ್ಕಿರುವ ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಎಲ್ಲವೂ ಒಂದೇ ಸೂರಿನ ಕೆಳಗೆ ಕಾಣುವ ಜಾಗ ಅದು (ರಸಬಾಳೆ ಈಗ ಅಪರೂಪ, ಸಿಕ್ಕಿದ್ದೆಲ್ಲ ನಂಜನಗೂಡಿನದ್ದೇ ಅನ್ನುವ ಗ್ಯಾರಂಟಿಯೂ ಇಲ್ಲ, ಆ ಜಗಳ ಇಲ್ಲಿ ಬೇಡ). ಅದಕ್ಕೆ ಹತ್ತಿರದಲ್ಲೇ, ಜಗನ್ಮೋಹನ ಅರಮನೆಯ ಕಡೆ ಹೋಗುವಾಗ ಸಿಗುವುದು ಲ್ಯಾನ್ಸ್‌ಡೌನ್ ಕಟ್ಟಡ. ವೈಸರಾಯ್ ಲ್ಯಾನ್ಸ್‌ಡೌನ್ ಹೆಸರಿನಲ್ಲಿ 1892ರಲ್ಲಿ ಕಟ್ಟಿದ್ದು. ನನ್ನ ಪಿಯುಸಿ ಪುಸ್ತಕಗಳೆಲ್ಲ ಬಂದದ್ದು ಅಲ್ಲಿಯ ಹಳೇ ಪುಸ್ತಕದ ಅಂಗಡಿಗಳಿಂದ, ಅರ್ಧ ಬೆಲೆಗೆ. ಪರೀಕ್ಷೆ ಮುಗಿದ ಮೇಲೆ ಅದೇ ಅಂಗಡಿಗೆ ಕಾಲು ಬೆಲೆಗೆ ವಾಪಸ್. ಹಿಂದಿನವರು ಅಂಚಿನಲ್ಲಿ ಬರೆದಿಟ್ಟ ಉತ್ತರಗಳು ಫ್ರೀ.

2012ರ ಆಗಸ್ಟ್ 25ರಂದು ಆ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿಯಿತು. ನಾಲ್ಕು ಜನ ಸತ್ತರು. ಅದಾಗಿ ನಾಲ್ಕು ವರ್ಷಕ್ಕೆ, 2016ರ ಆಗಸ್ಟ್ 28, ಭಾನುವಾರ, ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ಭಾಗ ಬಿತ್ತು. ದುರಸ್ತಿ ಕೆಲಸ ನಡೆಯುತ್ತಿರುವಾಗಲೇ ಬಿತ್ತು. ಪುಣ್ಯಕ್ಕೆ ಅವತ್ತು ಪ್ರಾಣಹಾನಿ ಆಗಲಿಲ್ಲ.

ಆಮೇಲೆ ಶುರುವಾಯಿತು ಸಮಿತಿಗಳ ಮೆರವಣಿಗೆ. ಒಂದು ಸಮಿತಿ ದುರಸ್ತಿ ಮಾಡಿ ಉಳಿಸಿಕೊಳ್ಳಬಹುದು ಅಂದಿತು. ಇನ್ನೊಂದು ಇದು ಉಳಿಯುವ ಕಟ್ಟಡವಲ್ಲ, ಕೆಡವಿ ಅದೇ ಶೈಲಿಯಲ್ಲಿ ಹೊಸದಾಗಿ ಕಟ್ಟಿ ಅಂದಿತು. ಪಾಲಿಕೆ ಕೆಡವುವ ಕಡೆ ವಾಲಿತು. ಪಾರಂಪರಿಕ ಕಟ್ಟಡ ಉಳಿಯಲಿ ಅನ್ನುವವರು ಕೋರ್ಟಿಗೆ ಹೋದರು. ಕೊನೆಗೆ 2023ರಲ್ಲಿ ಹೈಕೋರ್ಟ್ ಕೆಡವಿ ಕಟ್ಟುವ ನಿರ್ಧಾರವನ್ನೇ ಎತ್ತಿಹಿಡಿಯಿತು. ನಾಲ್ಕು ಜೀವ ಹೋದ ಊರಿನಲ್ಲಿ ನಿಂತು ಸುರಕ್ಷತೆ ಮುಖ್ಯ ಅಲ್ಲ ಅಂತ ಯಾರೂ ಹೇಳಲಾರರು, ನಾನೂ ಹೇಳುವುದಿಲ್ಲ. ಕೆಡವಬೇಕೋ ಉಳಿಸಬೇಕೋ ಅನ್ನುವ ಹಳೇ ವಾದವನ್ನು ಮತ್ತೆ ಎತ್ತುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಆ ವಿಷಯದಲ್ಲಿ ನನ್ನ ಮನಸ್ಸು ಉಳಿಸಿ ಅನ್ನುತ್ತದೆ, ಆದರೆ ಮನಸ್ಸಿನ ಮಾತು ಗೋಡೆ ಹೊರುವುದಿಲ್ಲ.

ನನ್ನ ಪ್ರಶ್ನೆ ಬೇರೆ. ಇಬ್ಬರು ಬಲ್ಲವರು ಒಂದೇ ಕಟ್ಟಡ ನೋಡಿ ಒಬ್ಬರು ಬದುಕುತ್ತದೆ, ಒಬ್ಬರು ಬದುಕುವುದಿಲ್ಲ ಅಂದರೆ, ಆ ಇಬ್ಬರೂ ಏನು ನೋಡಿ ಹಾಗಂದರು ಅನ್ನುವುದು ಊರಿನವರಿಗೆ ಗೊತ್ತಾಗಬೇಕಲ್ವಾ? ಆಸ್ಪತ್ರೆಯಲ್ಲಿ ಇಬ್ಬರು ಡಾಕ್ಟರು ಬೇರೆ ಬೇರೆ ಹೇಳಿದರೆ ನಾವು ರಿಪೋರ್ಟು ಕೈಯಲ್ಲಿ ಹಿಡಿದು ಮೂರನೆಯವರ ಹತ್ತಿರ ಹೋಗುತ್ತೇವೆ. ಇಲ್ಲಿ ರಿಪೋರ್ಟೇ ನಮ್ಮ ಕೈಗೆ ಬರಲಿಲ್ಲ. ಇಷ್ಟು ವರ್ಷದಲ್ಲಿ ನನ್ನಂಥ ಸಾಮಾನ್ಯ ಓದುಗನಿಗೆ ಸಿಕ್ಕಿದ್ದು "ಸಮಿತಿ ವರದಿ ಸಲ್ಲಿಕೆ" ಅನ್ನುವ ಶೀರ್ಷಿಕೆ, ಕೆಳಗೆ ನಾಲ್ಕು ಸಾಲು, ಪಕ್ಕದಲ್ಲಿ ವರದಿಯನ್ನು ಒಬ್ಬರು ಇನ್ನೊಬ್ಬರಿಗೆ ಕೊಡುತ್ತಿರುವ ಫೋಟೋ. ಯಾವ ಗೋಡೆ, ಯಾವ ಕಮಾನು, ಯಾವ ಪರೀಕ್ಷೆ ಮಾಡಿದರು, ಇಡೀ ಕಟ್ಟಡ ಹಾಳಾಗಿದೆಯೋ ಒಂದು ಮೂಲೆಯೋ, ದುರಸ್ತಿಗೆ ಎಷ್ಟು ಆಗುತ್ತದೆ, ಹೊಸದಕ್ಕೆ ಎಷ್ಟು, ಏನೂ ಇಲ್ಲ. ಹೀಗಿರುವಾಗ ಜನರ ಅಭಿಪ್ರಾಯ ಕೇಳಿದರೂ ಜನ ಏನು ಹೇಳಬೇಕು? ಪ್ರಶ್ನೆಪತ್ರಿಕೆ ಕೊಡದೆ ಉತ್ತರ ಬರಿ ಅಂದ ಹಾಗಾಯಿತು. ಬರೆಯುವವರು ಬರೆಯುತ್ತಾರೆ, ಭಾವನೆಯನ್ನು ಬರೆಯುತ್ತಾರೆ. ಆಮೇಲೆ ಅಧಿಕಾರಿಗಳು "ಬರೀ ಭಾವನಾತ್ಮಕ ಆಕ್ಷೇಪಣೆಗಳು ಬಂದಿವೆ" ಅನ್ನುತ್ತಾರೆ.

ಜನಾಭಿಪ್ರಾಯ ಅಂದ ಕೂಡಲೇ ಬೇಕು, ಬೇಡ ಅಂತ ಕೈ ಎತ್ತಿಸುವುದು ಅಂದುಕೊಂಡಿದ್ದಾರೆ. ಹಳೇ ಕಟ್ಟಡದ ವಿಷಯದಲ್ಲಿ ಅದು ದೊಡ್ಡ ತಪ್ಪು. ಇಪ್ಪತ್ತು ಮೂವತ್ತು ವರ್ಷ ಒಂದು ಮಳಿಗೆಯಲ್ಲಿ ಕೂತವರಿಗೆ ಇಂಜಿನಿಯರಿಗೆ ಗೊತ್ತಿಲ್ಲದ್ದು ಗೊತ್ತಿರುತ್ತದೆ. ಮುಂಗಾರಿನಲ್ಲಿ ಯಾವ ಮೂಲೆ ಸೋರುತ್ತದೆ, ಹಿಂಗಾರಿನಲ್ಲಿ ಯಾವುದು. ಗೋಡೆಯ ಬಿರುಕು ಯಾವ ವರ್ಷ ಕಾಣಿಸಿಕೊಂಡಿತು, ಅದಕ್ಕೂ ಮೊದಲು ಏನು ಕೆಲಸ ನಡೆದಿತ್ತು, ತಾರಸಿಯ ನೀರು ಹೋಗುವ ಕೊಳವೆ ಯಾವತ್ತು ಕಟ್ಟಿಕೊಂಡಿತು, ಅಶ್ವತ್ಥದ ಸಸಿಯನ್ನು ಕೊನೆಯ ಸಲ ಬೇರು ಸಮೇತ ಕಿತ್ತದ್ದು ಯಾರು. ಅಶ್ವತ್ಥದ ಗಿಡವನ್ನು ಕೊಯ್ದರೆ ಪಾಪ ಅಂತ ಮುಟ್ಟದೆ ಬಿಡುವವರೂ ಇದ್ದಾರೆ, ಅದರ ಬೇರು ಗೋಡೆಯನ್ನು ಸೀಳುತ್ತದೆ. ಇದೆಲ್ಲ ಒಂದು ದಿನ ಬಂದು ಟಾರ್ಚು ಹಾಕಿ ನೋಡಿ ಹೋಗುವವರಿಗೆ ಹೇಗೆ ಗೊತ್ತಾಗಬೇಕು?

ನಮ್ಮ ಅಜ್ಜನ ಮನೆಯ ಕಥೆ ಹೇಳುತ್ತೇನೆ. ಸುಣ್ಣದ ಗಾರೆಯ ಗೋಡೆ, ಮದ್ರಾಸ್ ತಾರಸಿ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಸೂರು. ಗೋಡೆ ತೇವ ಹಿಡಿಯಿತು ಅಂತ ಅಪ್ಪ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದರು. ಮೊದಲ ವರ್ಷ ಚೆನ್ನಾಗಿ ಕಂಡಿತು. ಮೂರನೇ ವರ್ಷಕ್ಕೆ ಪ್ಲಾಸ್ಟರ್ ಹಪ್ಪಳದ ಹಾಗೆ ಎದ್ದಿತು, ಒಳಗಿನ ಇಟ್ಟಿಗೆ ಕೈಯಲ್ಲಿ ಉದುರುತ್ತಿತ್ತು. ಆಗ ಬಂದ ಒಬ್ಬ ವಯಸ್ಸಾದ ಗಾರೆ ಕೆಲಸದವರು ಗೋಡೆ ಮುಟ್ಟಿ ನೋಡಿ, "ಇದು ಉಸಿರಾಡೋ ಗೋಡೆ ಸ್ವಾಮಿ, ನೀವು ಮೂಗು ಮುಚ್ಚಿದ್ದೀರಿ" ಅಂದರು. ಸುಣ್ಣದ ಗೋಡೆ ತೇವ ಕುಡಿದು ಹೊರಗೆ ಬಿಡುತ್ತದೆ, ಸಿಮೆಂಟು ಅದನ್ನು ಒಳಗೇ ತಡೆಯುತ್ತದೆ. ಇದು ಈಗ ಸಂರಕ್ಷಣೆಯ ಪಾಠದಲ್ಲೂ ಹೇಳಿಕೊಡುವ ವಿಷಯ. ನಮ್ಮ ಮನೆಗೆ ಅದು ಬಂದದ್ದು ಬೆಲ್ಲ, ಅಳಲೆಕಾಯಿ ನೀರು ಹಾಕಿ ಗಾರೆ ಅರೆದ ಅನುಭವ ಇದ್ದ ಒಬ್ಬರ ಬಾಯಿಂದ. ಊರಿನ ಹಳೇ ಕಟ್ಟಡಗಳ ವಿಷಯ ಬಂದಾಗ ಇಂಥವರನ್ನು ಕರೆಯುವ ಪ್ರಕಟಣೆ ನಾನು ಇದುವರೆಗೆ ಒಂದೂ ಓದಿಲ್ಲ. ಸಿಮೆಂಟಿನ ಟೆಂಡರ್ ಮಾತ್ರ ಓದಿದ್ದೇನೆ.

ಕರೆದರೂ ಹೇಗೆ ಕರೆಯುತ್ತಾರೆ ಅನ್ನುವುದಕ್ಕೆ ನನ್ನದೇ ಒಂದು ಅನುಭವ ಇದೆ. ಕೆಲವು ವರ್ಷದ ಹಿಂದೆ ಬೇರೆ ಒಂದು ಊರಿನಲ್ಲಿ ಹಳೇ ಶಾಲೆಯ ಕಟ್ಟಡವೊಂದರ ಬಗ್ಗೆ ಅಹವಾಲು ಸಭೆ ಇತ್ತು. ಯಾವ ಊರು, ಯಾವ ಕಚೇರಿ ಅನ್ನುವುದು ಬೇಡ, ಎಲ್ಲ ಕಡೆಯೂ ಹೆಚ್ಚೂಕಡಿಮೆ ಹೀಗೇ ಇರುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಅಂದಿದ್ದರು. ಕೆಲಸಕ್ಕೆ ಹೋಗುವವರು, ಅಂಗಡಿ ಇಟ್ಟವರು, ಪಾಠ ಮಾಡುವವರು ಯಾರೂ ಬರಲಾಗದ ಹೊತ್ತು. ಶುರುವಾದದ್ದು ಒಂದು ಗಂಟೆಗೆ. ಪರದೆಯ ಮೇಲೆ ಎಲ್ಲ ಇಂಗ್ಲಿಷಿನಲ್ಲಿ, ಬಣ್ಣಬಣ್ಣದ ಚಿತ್ರ, ಹೊಸ ಕಟ್ಟಡದ ಮುಂದೆ ಎಲ್ಲೂ ಕಾಣದಂಥ ಎತ್ತರದ ಜನ ಓಡಾಡುತ್ತಿದ್ದರು. ಒಬ್ಬ ಅಜ್ಜಿ, ಅದೇ ಶಾಲೆಯಲ್ಲಿ ಓದಿದವರು, ಎದ್ದು "ಬಾವಿ ಏನು ಮಾಡ್ತೀರಿ?" ಅಂತ ಕೇಳಿದರು. ಯಾವ ಬಾವಿ? ಅಂಗಳದ ಒಂದು ಮೂಲೆಯಲ್ಲಿ ಹಾಸುಗಲ್ಲಿನ ಕೆಳಗೆ ಮುಚ್ಚಿದ ಬಾವಿ ಇದೆಯಂತೆ. ನಕ್ಷೆಯಲ್ಲಿ ಆ ಜಾಗದಲ್ಲಿ ಲಿಫ್ಟು ಬರೆದಿದ್ದರು. ವೇದಿಕೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನೋಟ್ ಮಾಡಿಕೊಂಡಿದ್ದೇವೆ ಅಮ್ಮ" ಅಂದರು. ಊಟಕ್ಕೆ ಹೊತ್ತಾಗಿತ್ತು, ಸಭೆ ಮುಗಿಯಿತು. ನಡಾವಳಿಯ ಪ್ರತಿ ಕೇಳಿದೆ. "ಸಾರ್ವಜನಿಕರು ಯೋಜನೆಯನ್ನು ಸ್ವಾಗತಿಸಿದರು" ಅಂತ ಒಂದು ಸಾಲು ಇತ್ತು. ಬಾವಿ ಇರಲಿಲ್ಲ.

ಹೋಗಲಿ, ಕಾನೂನೇ ಇಲ್ಲವಾ ಅಂದರೆ ಇದೆ. ಮಾಹಿತಿ ಹಕ್ಕು ಕಾಯ್ದೆ ಅಂದರೆ ನಮಗೆಲ್ಲ ಹತ್ತು ರೂಪಾಯಿ ಕೊಟ್ಟು ಅರ್ಜಿ ಹಾಕುವುದು ಮಾತ್ರ ಗೊತ್ತು. ಆದರೆ 2005ರ ಆ ಕಾಯ್ದೆಯ 4ನೇ ಸೆಕ್ಷನ್ ಅರ್ಜಿಯ ವಿಷಯವೇ ಅಲ್ಲ, ಅರ್ಜಿ ಹಾಕದೆಯೇ ಸರ್ಕಾರ ಏನೇನು ಹೊರಗಿಡಬೇಕು ಅನ್ನುವ ವಿಷಯ. ಜನರ ಮೇಲೆ ಪರಿಣಾಮ ಬೀರುವ ಮುಖ್ಯ ತೀರ್ಮಾನ ಪ್ರಕಟಿಸುವಾಗ ಅದಕ್ಕೆ ಸಂಬಂಧಪಟ್ಟ ಸಂಗತಿಗಳನ್ನೆಲ್ಲ ಪ್ರಕಟಿಸಬೇಕು. ತೀರ್ಮಾನದಿಂದ ತೊಂದರೆಗೆ ಒಳಗಾಗುವವರಿಗೆ ಕಾರಣ ಕೊಡಬೇಕು. ಇನ್ನೂ ಒಂದು ಮಾತಿದೆ, ನನಗೆ ತುಂಬ ಇಷ್ಟವಾದದ್ದು: ಮಾಹಿತಿ ಹಂಚುವಾಗ ಸ್ಥಳೀಯ ಭಾಷೆಯನ್ನೂ, ಆ ಜಾಗದಲ್ಲಿ ಜನರನ್ನು ಚೆನ್ನಾಗಿ ಮುಟ್ಟುವ ವಿಧಾನವನ್ನೂ ಗಮನದಲ್ಲಿ ಇಟ್ಟುಕೊಳ್ಳಬೇಕು. ಕನ್ನಡದಲ್ಲಿ ಕೊಡಿ ಅಂತ ನಾವು ಕೇಳಿದರೆ ಅದು ಭಾಷಾಭಿಮಾನದ ಬೇಡಿಕೆ ಅಲ್ಲ ಸ್ವಾಮಿ, ಕಾಯ್ದೆಯಲ್ಲೇ ಇರುವ ಮಾತು. ಇನ್ನು ನಗರ ಯೋಜನೆಯ ಕಾಯ್ದೆ ನೋಡಿ. ಯಾರೋ ಒಬ್ಬರ ಸೈಟು ಮಾಸ್ಟರ್ ಪ್ಲಾನಿನಲ್ಲಿ ಹಳದಿಯಿಂದ ನೀಲಿಗೆ, ಅಂದರೆ ವಾಸದಿಂದ ವ್ಯಾಪಾರಕ್ಕೆ ಬದಲಾಗಬೇಕಾದರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಆಕ್ಷೇಪಣೆಗೆ ಕಮ್ಮಿ ಅಂದರೂ 15 ದಿನ ಬಿಡಬೇಕು. ಮೂವತ್ತು ನಲವತ್ತರ ಸೈಟಿಗೆ ಇಷ್ಟು ಮರ್ಯಾದೆ ಇದ್ದರೆ, ನೂರಕ್ಕೂ ಜಾಸ್ತಿ ವರ್ಷ ಊರಿಗೆ ಹೂವು ಹಣ್ಣು ಕೊಟ್ಟ ಮಾರುಕಟ್ಟೆಗೆ ಇದಕ್ಕಿಂತ ಹೆಚ್ಚಿನದು ಬೇಡವಾ?

ಮಾತು ಬಂದರೆ ಕೇಳಿಸಿಕೊಳ್ಳುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಕೂಗಿದರೆ ಮಾತ್ರ. ಬೆಂಗಳೂರಿನ ಅಠಾರಾ ಕಚೇರಿಯನ್ನು, ಅಂದರೆ ಇವತ್ತು ಹೈಕೋರ್ಟ್ ಕೂತಿರುವ ಆ ಕೆಂಪು ಕಟ್ಟಡವನ್ನೇ, 1980ರ ದಶಕದಲ್ಲಿ ಕೆಡವಲು ಸರ್ಕಾರ ಹೊರಟಿತ್ತು. ಜನ ಎದ್ದರು, ಕೋರ್ಟಿನ ಮೆಟ್ಟಿಲು ಹತ್ತಿದರು, ಕಟ್ಟಡ ಉಳಿಯಿತು. ಮುಂಬೈಯ ಕ್ರಾಫರ್ಡ್ ಮಾರ್ಕೆಟ್, ನಮ್ಮ ಮಾರುಕಟ್ಟೆಗಿಂತ ಹಳೆಯದು, 1869ರದ್ದು. ಅದನ್ನು ಬಿಲ್ಡರಿಗೆ ಕೊಟ್ಟು ಎತ್ತರದ ಕಟ್ಟಡ ಎಬ್ಬಿಸುವ ಯೋಚನೆ ಬಂದಾಗ ಅಲ್ಲಿಯ ಜನ ಬಿಡಲಿಲ್ಲ. ಆ ಊರಿನಲ್ಲಿ 1995ರಿಂದಲೇ ಪಾರಂಪರಿಕ ಕಟ್ಟಡಗಳ ನಿಯಮ, ಪಟ್ಟಿ ಎರಡೂ ಇದ್ದದ್ದು ಕೂಗುವವರಿಗೆ ಒಂದು ಕಾಲೂರುವ ಜಾಗ ಕೊಟ್ಟಿತು. ನಮ್ಮ ಚಾಮುಂಡಿ ಬೆಟ್ಟಕ್ಕೆ ರೋಪ್‌ವೇ ಹಾಕುವ ಯೋಜನೆಯನ್ನು 2022ರಲ್ಲಿ ಕೈಬಿಟ್ಟದ್ದೂ ಊರಿನ ಜನ ಬೇಡ ಬೇಡ ಅಂತ ಪಟ್ಟು ಹಿಡಿದದ್ದಕ್ಕೇ. ಆದರೆ ಲಾಲ್‌ಬಾಗಿನ ಕ್ರುಂಬಿಗಲ್ ಹಾಲ್ ನೋಡಿ. ಮೈಸೂರು ಸಂಸ್ಥಾನದ ತೋಟಗಳನ್ನು ರೂಪಿಸಿದ ಜರ್ಮನ್ ತೋಟಗಾರನ ಹೆಸರಿನ ಕಟ್ಟಡ. ವರ್ಷಗಟ್ಟಲೆ ಪಾಳು ಬಿಟ್ಟರು, 2017ರ ನವೆಂಬರಿನಲ್ಲಿ ಕೆಡವಿಬಿಟ್ಟರು. ಕೂಗುವವರು ಪೇಪರ್ ನೋಡಿ ಎಚ್ಚರವಾಗುವ ಹೊತ್ತಿಗೆ ಅಲ್ಲಿ ಇಟ್ಟಿಗೆ ರಾಶಿ ಇತ್ತು. ಕೂಗು ಕೇಳಿಸಿದ್ದು ಉಳಿಯಿತು, ಕೇಳಿಸದ್ದು ಹೋಯಿತು. ಇದು ಪದ್ಧತಿ ಅಲ್ಲ, ಲಾಟರಿ.

ಹಾಗಂತ ತಪ್ಪೆಲ್ಲ ಸರ್ಕಾರದ್ದು, ನಮ್ಮಂಥ ಹಳೇ ಕಟ್ಟಡದ ಅಭಿಮಾನಿಗಳದ್ದು ಏನೂ ಇಲ್ಲ ಅಂತ ಹೇಳಿದರೆ ನಾನು ಸುಳ್ಳು ಹೇಳಿದ ಹಾಗೆ. ದಸರಾ ಬಂದರೆ ನಾವು ಪಂಚೆ ಶಲ್ಯ ಹಾಕಿಕೊಂಡು ಪಾರಂಪರಿಕ ನಡಿಗೆಗೆ ಹೋಗುತ್ತೇವೆ, ಟಾಂಗಾ ಹತ್ತುತ್ತೇವೆ, ಮಾರುಕಟ್ಟೆಯ ಕಮಾನಿನ ಕೆಳಗೆ ಫೋಟೋ ತೆಗೆಸಿಕೊಳ್ಳುತ್ತೇವೆ. ಒಂದು ಸಲ ಹಾಗೆ ನಿಂತಿದ್ದಾಗ ಬಾಳೆಹಣ್ಣಿನ ಸಾಲಿನ ಒಬ್ಬ ವ್ಯಾಪಾರಿ, "ನಿಮಗೆ ಫೋಟೋ ಸಾರ್, ನಮಗೆ ತಲೆ ಮೇಲಿನ ಸೂರು" ಅಂದ. ಬೈದದ್ದಲ್ಲ, ನಗುತ್ತಲೇ ಹೇಳಿದ. ನಾನು ಏನು ಉತ್ತರ ಕೊಡಬೇಕು ಅಂತ ತಿಳಿಯದೆ ಸುಮ್ನೆ ಎರಡು ಡಜನ್ ಹಣ್ಣು ತೆಗೆದುಕೊಂಡು ಬಂದೆ. ಮಾರುಕಟ್ಟೆ ಉಳಿಯಲಿ ಅನ್ನುವ ನಾವು ಅವನ ಹತ್ತಿರ ಎಷ್ಟು ಸಲ ಕೂತು ಮಾತಾಡಿದ್ದೇವೆ? ದುರಸ್ತಿ ನಡೆಯುವ ಎರಡು ಮೂರು ವರ್ಷ ಅವನು ಎಲ್ಲಿ ಕೂರಬೇಕು, ಹೊಸದು ಕಟ್ಟಿದರೆ ನೆಲಮಹಡಿಯಲ್ಲೇ ಜಾಗ ಸಿಗುತ್ತದೋ ಮೆಟ್ಟಿಲು ಹತ್ತಿ ಯಾರೂ ಬಾರದ ಮೇಲಿನ ಮಹಡಿಯೋ, ಬಾಡಿಗೆ ಎಷ್ಟಾಗುತ್ತದೆ, ಇದೆಲ್ಲ ಅವನ ನಿದ್ದೆ ಕೆಡಿಸುವ ಪ್ರಶ್ನೆಗಳು. ಅವನದ್ದಾದರೂ ಬಾಡಿಗೆಯ ಪಟ್ಟಿಯಲ್ಲಿ ಹೆಸರಿರುವ ಮಳಿಗೆ. ಕಮಾನಿನ ಪಕ್ಕ ಗೋಣಿಚೀಲ ಹಾಸಿಕೊಂಡು ಕರಿಬೇವು, ಕೊತ್ತಂಬರಿ, ಬಿಡಿ ಹೂವು ಮಾರುವ ಹೆಂಗಸರು ಯಾವ ಪಟ್ಟಿಯಲ್ಲೂ ಇಲ್ಲ. ಊರಿನಿಂದ ಮೊದಲ ಬಸ್ಸಿಗೆ ಬಂದು, ಮಾಲು ಖಾಲಿಯಾದ ಮೇಲೆ ಹೋಗುವವರು. ಕಟ್ಟಡದ ವಿಷಯದಲ್ಲಿ ಅವರೂ ಸಾರ್ವಜನಿಕರೇ ತಾನೆ?

ಪರಂಪರೆಯ ಹೆಸರಿನಲ್ಲೇ ಜನರನ್ನು ಕೇಳದೆ ಒಕ್ಕಲೆಬ್ಬಿಸಿದ್ದೂ ಈ ರಾಜ್ಯದಲ್ಲೇ. 2011ರ ಜುಲೈ ಕೊನೆಯಲ್ಲಿ ಹಂಪಿ ಬಜಾರಿನಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ವಿರೂಪಾಕ್ಷ ದೇವಸ್ಥಾನದ ಮುಂದಿನ ರಥಬೀದಿಯ ಎರಡೂ ಕಡೆಯ ಮಂಟಪಗಳಲ್ಲಿ ಅಂಗಡಿ, ಹೋಟೆಲ್ಲು, ಮನೆ ಮಾಡಿಕೊಂಡಿದ್ದ ನೂರಾರು ಕುಟುಂಬಗಳು. ಬುಲ್ಡೋಜರ್ ಬಂತು. ಸ್ಮಾರಕ ಉಳಿಸಬೇಕು ಅನ್ನುವುದು ಕಾರಣ, ಕಾರಣ ಸುಳ್ಳಲ್ಲ. ಮಂಟಪದ ಕಂಬಕ್ಕೆ ಇಟ್ಟಿಗೆ ಗೋಡೆ ಸೇರಿಸಿ ಶಟರ್ ಹಾಕಿದ್ದು ನಾನೂ ಕಣ್ಣಾರೆ ನೋಡಿದ್ದೆ, ಸಂಕಟವಾಗಿತ್ತು. ಆದರೆ ಬಜಾರು ಅನ್ನುವುದೇ ವ್ಯಾಪಾರದ ಬೀದಿ. ಯಾವುದು ಇರಬಹುದು, ಯಾವುದು ಇರಬಾರದು, ಯಾರು ಎಲ್ಲಿಗೆ ಹೋಗಬೇಕು, ಎಷ್ಟು ಕಾಲಾವಕಾಶ ಅಂತ ಅಲ್ಲಿಯವರನ್ನು ಎದುರು ಕೂರಿಸಿಕೊಂಡು ಮಾತಾಡಿದ್ದರೆ ಬೇರೆಯೇ ಹಾದಿ ಸಿಗುತ್ತಿತ್ತೇನೋ. ಕಡ್ಡಿರಾಂಪುರದ ಕಡೆ ಅವರಿಗೆ ಜಾಗ ಕೊಟ್ಟರು. ದೇವಸ್ಥಾನದ ನೆರಳಿನಲ್ಲಿ ಕಾಯಿ ಕರ್ಪೂರ ಮಾರಿ ಬದುಕಿದವರಿಗೆ ಅದು ಎಷ್ಟು ದೂರ ಅನ್ನುವುದನ್ನು ಕಿಲೋಮೀಟರಿನಲ್ಲಿ ಅಳೆಯಲು ಆಗುವುದಿಲ್ಲ. ಕೆಡವುವವರು ಕೇಳದೆ ಕೆಡವುತ್ತಾರೆ, ಉಳಿಸುವವರು ಕೇಳದೆ ಉಳಿಸುತ್ತಾರೆ. ಎರಡೂ ಕಡೆ ಬಿಟ್ಟುಹೋದವರು ಅಲ್ಲೇ ಬದುಕುವವರು.

ಜನರನ್ನು ಕೇಳುತ್ತ ಕೂತರೆ ಕೆಲಸ ಆಗುವುದಿಲ್ಲ, ತಡವಾಗುತ್ತದೆ ಅನ್ನುತ್ತಾರೆ. ಇದು ನನಗೆ ನಿಜಕ್ಕೂ ನಗು ತರಿಸುವ ಮಾತು. ಲ್ಯಾನ್ಸ್‌ಡೌನ್ ಕುಸಿದದ್ದು 2012ರಲ್ಲಿ, ಹೈಕೋರ್ಟ್ ತೀರ್ಪು ಬಂದದ್ದು 2023ರಲ್ಲಿ. ಹನ್ನೊಂದು ವರ್ಷ! ಅಷ್ಟರಲ್ಲಿ ಒಂದನೇ ಕ್ಲಾಸಿಗೆ ಸೇರಿದ ಮಗು ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಹೋಗುತ್ತದೆ. ಇಷ್ಟು ವರ್ಷ ಹೋದದ್ದು ಜನರನ್ನು ಕೇಳಿದ್ದಕ್ಕಾ? ಮೊದಲ ಆರು ತಿಂಗಳಲ್ಲಿ ವರದಿಯನ್ನು ಮೇಜಿನ ಮೇಲಿಟ್ಟು, ಒಪ್ಪುವವರನ್ನೂ ಒಪ್ಪದವರನ್ನೂ ಕೂರಿಸಿ, ಬಂದ ಪ್ರಶ್ನೆಗೆ ಉತ್ತರ ಕೊಟ್ಟಿದ್ದರೆ ಅರ್ಧ ಜನ ಕೋರ್ಟಿಗೇ ಹೋಗುತ್ತಿರಲಿಲ್ಲ ಅನ್ನುವುದು ನನ್ನ ಲೆಕ್ಕ. ಮುಚ್ಚಿಟ್ಟ ವರದಿಯ ಮೇಲೆ ಯಾರಿಗೂ ನಂಬಿಕೆ ಬರುವುದಿಲ್ಲ. ಬಿಲ್ಡರ್ ಲಾಬಿ ಅಂತ ಒಬ್ಬರು, ಪಾರ್ಕಿಂಗ್ ಕಾಂಟ್ರ್ಯಾಕ್ಟು ಅಂತ ಇನ್ನೊಬ್ಬರು, ಟೀ ಅಂಗಡಿಯಲ್ಲಿ ಹುಟ್ಟಿದ ಕಥೆಗೆ ಸಂಜೆಯೊಳಗೆ ರೆಕ್ಕೆ ಬರುತ್ತದೆ. ಸುಳ್ಳಿರಬಹುದು. ಸುಳ್ಳು ಅಂತ ತೋರಿಸುವುದಕ್ಕೆ ಕೈಯಲ್ಲಿ ಕಾಗದ ಬೇಕಲ್ಲ.

ಇನ್ನೊಂದು ಕಷ್ಟವೂ ಇದೆ. ಮುಂಚೆ ನಮ್ಮ ವಾರ್ಡಿನ ಕಾರ್ಪೊರೇಟರ್ ಮನೆ ಮುಂದೆ ಹೋಗಿ ನಿಲ್ಲಬಹುದಿತ್ತು, ಬೈಯಬಹುದಿತ್ತು. ಮೈಸೂರು ಪಾಲಿಕೆಯ ಚುನಾಯಿತ ಕೌನ್ಸಿಲ್ ಅವಧಿ 2023ರ ನವೆಂಬರಿನಲ್ಲಿ ಮುಗಿಯಿತು, ಆಡಳಿತ ಅಧಿಕಾರಿಗಳ ಕೈಗೆ ಹೋಯಿತು. ಅಧಿಕಾರಿಗಳು ಒಳ್ಳೆಯವರೇ ಇರಬಹುದು, ವರ್ಗವಾಗಿ ಹೋಗುತ್ತಾರೆ, ಅವರ ಮೊಮ್ಮಕ್ಕಳು ಇಲ್ಲಿ ಹೂವು ಕೊಳ್ಳುವುದಿಲ್ಲ. ವಾರ್ಡ್ ಸಮಿತಿ, ಏರಿಯಾ ಸಭೆ ಅಂತೆಲ್ಲ ಕಾಯ್ದೆಯಲ್ಲಿ ಬರೆದಿಟ್ಟಿದ್ದಾರೆ. ನಿಮ್ಮ ಬೀದಿಯ ಏರಿಯಾ ಸಭೆ ಯಾವಾಗ ನಡೆಯಿತು ಅಂತ ಓದುಗರು ಒಂದು ಸಲ ಪಕ್ಕದ ಮನೆಯವರನ್ನು ಕೇಳಿ ನೋಡಲಿ. ಚುನಾಯಿತರು ಇಲ್ಲದ ಹೊತ್ತಿನಲ್ಲಿ ದೊಡ್ಡ ಕಟ್ಟಡದ ಹಣೆಬರಹ ಬರೆಯುವುದಾದರೆ ಜನರನ್ನು ನೇರವಾಗಿ ಕೇಳುವ ಜವಾಬ್ದಾರಿ ಇನ್ನೂ ಜಾಸ್ತಿಯಾಗುತ್ತದೆ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಪಾರಂಪರಿಕ ಪಟ್ಟಿಯಲ್ಲಿರುವ ಯಾವುದೇ ಕಟ್ಟಡವನ್ನು ಕೆಡವುವ, ಬದಲಾಯಿಸುವ ಮಾತು ಬಂದರೆ ತಜ್ಞರ ವರದಿ ಪೂರ್ತಿ ಹೊರಗೆ ಬರಲಿ, ಜೊತೆಗೆ ಏಳೆಂಟು ಪುಟದ ಕನ್ನಡ ಸಾರಾಂಶ ಇರಲಿ, ಸರ್ಕಾರಿ ಕನ್ನಡ ಬೇಡ, ನಮ್ಮ ಕನ್ನಡ. ಅದನ್ನು ವೆಬ್‌ಸೈಟಿನ ಮೂಲೆಯಲ್ಲಿ ತುರುಕುವ ಬದಲು ಆ ಕಟ್ಟಡದ ಗೋಡೆಗೇ ಅಂಟಿಸಲಿ, ಯಾವ ಭಾಗ ಅಪಾಯ ಅಂತ ಕೆಂಪು ಬಣ್ಣದಲ್ಲಿ ಗುರುತು ಹಾಕಿದ ನಕ್ಷೆಯ ಜೊತೆ. ಸಭೆ ಮಾಡುವುದಾದರೆ ಕಚೇರಿಯ ಎ.ಸಿ. ಹಾಲಿನಲ್ಲಿ ಬೇಡ, ಮಾರುಕಟ್ಟೆಯ ಒಳಗೇ ಮಧ್ಯಾಹ್ನ ವ್ಯಾಪಾರ ಇಳಿಯುವ ಹೊತ್ತಿಗೆ ಮಾಡಲಿ. ಗೌರಿ ಹಬ್ಬ, ವರಮಹಾಲಕ್ಷ್ಮಿ ಹಬ್ಬದ ವಾರ ಮಾತ್ರ ದಯವಿಟ್ಟು ಬೇಡ, ಹೂವಿನವರಿಗೆ ತಲೆ ಎತ್ತಲೂ ಪುರುಸೊತ್ತು ಇರುವುದಿಲ್ಲ. "ಆಕ್ಷೇಪಣೆ ಇದ್ದಲ್ಲಿ ಸಲ್ಲಿಸಿ" ಅನ್ನುವುದನ್ನೂ ಬಿಡಿ. ಆಕ್ಷೇಪಣೆ ಅಂದರೆ ಅಡ್ಡಗಾಲು ಹಾಕುವುದು ಅಂತಾಯಿತು. "ಈ ಕಟ್ಟಡದ ಬಗ್ಗೆ ನಿಮಗೆ ಗೊತ್ತಿರುವುದನ್ನು ಹೇಳಿ" ಅಂತ ಕೇಳಿ, ಬಾವಿ ಹೊರಗೆ ಬರುತ್ತದೆ. ಬಂದ ಪ್ರತಿಯೊಂದು ಮಾತಿಗೂ ಒಪ್ಪಿದೆವು, ಒಪ್ಪಲಿಲ್ಲ, ಯಾಕೆ ಅನ್ನುವ ಒಂದೊಂದು ಸಾಲು ಬರೆದು ಪ್ರಕಟಿಸಿ. ನಮ್ಮ ಮಾತು ನಡೆಯಲೇಬೇಕು ಅಂತಿಲ್ಲ. ಯಾಕೆ ನಡೆಯಲಿಲ್ಲ ಅನ್ನುವುದು ಗೊತ್ತಾದರೆ ಸಾಕು.

ಕೊನೆಗೆ ನಿಮಗೇ ಒಂದು ಮನವಿ, ಸಂಪಾದಕರೇ. ಆ ಪ್ರಕಟಣೆಗಳು ನಿಮ್ಮ ಪತ್ರಿಕೆಗೆ ಜಾಹೀರಾತು, ದುಡ್ಡು ಬರುತ್ತದೆ, ತಪ್ಪೇನಿಲ್ಲ. ಆದರೆ ಅದೇ ಪ್ರಕಟಣೆ ನಮಗೆ ಸುದ್ದಿ. ವಾರಕ್ಕೊಂದು ಸಲ, ಸ್ಥಳೀಯ ಪುಟದಲ್ಲಿ ಒಂದು ಸಣ್ಣ ಚೌಕ ಬಿಡಿ. ಈ ವಾರ ಯಾವ ಹಳೇ ಕಟ್ಟಡದ, ಯಾವ ಕೆರೆಯ, ಯಾವ ರಸ್ತೆಯ ಬಗ್ಗೆ ಆಕ್ಷೇಪಣೆ ಕೇಳಿದ್ದಾರೆ, ಕೊನೆಯ ದಿನ ಯಾವುದು, ಯಾವ ವಿಳಾಸಕ್ಕೆ ಬರೆಯಬೇಕು. ನಾಲ್ಕೇ ಸಾಲು ಸಾಕು, ದಪ್ಪ ಅಕ್ಷರದಲ್ಲಿ, ಕನ್ನಡಕ ಇಲ್ಲದೆ ಓದುವ ಹಾಗೆ. ಜಾಗ ಇಲ್ಲ ಅಂದರೆ ರಾಶಿ ಭವಿಷ್ಯದಿಂದ ಒಂದು ರಾಶಿಯ ಜಾಗ ತೆಗೆದುಕೊಳ್ಳಿ, ನನ್ನದು ಕನ್ಯಾ, ನನ್ನದನ್ನೇ ತೆಗೆಯಿರಿ, ನಾನು ಏನೂ ಅಂದುಕೊಳ್ಳುವುದಿಲ್ಲ.

ಇಂತಿ,
ಲ್ಯಾನ್ಸ್‌ಡೌನ್ ಕಟ್ಟಡದ ಒಬ್ಬ ಹಳೇ ಗಿರಾಕಿ,
ಮೈಸೂರು